ಉಚಿತ ಎಂದಿದ್ದ ಕರುಳಿನ ಸ್ಕ್ಯಾನ್‌ಗೆ 1,180 ಡಾಲರ್ ಬಿಲ್ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಯಜಮಾನರಿಗೆ 47 ವರ್ಷ. ವರ್ಷದ ಚೆಕಪ್‌ಗೆ ಹೋದಾಗ ಡಾಕ್ಟರು "45 ದಾಟಿದೆ, ಕರುಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಬಿಡಿ" ಅಂದರು. ಕ್ಯಾಮೆರಾ ಟ್ಯೂಬ್ ಒಳಗೆ ಬಿಟ್ಟು ಕರುಳು ನೋಡುವ ಕೊಲೊನೊಸ್ಕೋಪಿಗೆ ಇವರು ಹೆದರಿದ್ದರಿಂದ ಸಿಟಿ ಸ್ಕ್ಯಾನ್‌ನಲ್ಲೇ ಕರುಳು ನೋಡುವ ವರ್ಚುವಲ್ ಕೊಲೊನೊಸ್ಕೋಪಿ ಬರೆದುಕೊಟ್ಟರು. ಪೂರ್ತಿ ಉಚಿತ ಎಂದಿದ್ದರು. ಈಗ ಎರಡು ಲೆಕ್ಕ ಬಂದಿದೆ. ಸ್ಕ್ಯಾನ್ ಓದಿದ ರೇಡಿಯಾಲಜಿಸ್ಟರದ್ದು 74263 ಅಂತಿದೆ, ಅದನ್ನು ಇನ್ಶೂರೆನ್ಸ್ ಪೂರ್ತಿ ಕೊಟ್ಟಿದೆ. ಆಸ್ಪತ್ರೆಯದ್ದು 74261 ಅಂತಿದೆ, ಅದರ 1,180 ಡಾಲರ್ ಡಿಡಕ್ಟಿಬಲ್‌ಗೆ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುಂಚೆ ವರ್ಷಕ್ಕೆ ನಾವೇ ಕಟ್ಟಬೇಕಾದ ಮೊತ್ತ) ಬಿದ್ದಿದೆ. ರಿಪೋರ್ಟಿನಲ್ಲಿ 7 ಮಿಲಿಮೀಟರಿನ ಒಂದು ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ಇದೆ, ಕೊಲೊನೊಸ್ಕೋಪಿ ಮಾಡಿಸಲೇಬೇಕು ಅಂತಿದ್ದಾರೆ. ಅದಕ್ಕೂ ಹೀಗೇ ಆದರೆ? ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್) ಇರುವ ನಮ್ಮ ಮಾವನವರಿಗೂ (71 ವರ್ಷ) ಇದೇ ಸ್ಕ್ಯಾನ್ ಮಾಡಿಸೋಣ ಅಂದುಕೊಂಡಿದ್ದೆವು. ಅವರಿಗೆ ಹತ್ತು ವರ್ಷದ ಹಿಂದೆ ಮೈಸೂರಿನಲ್ಲಿ ಕೊಲೊನೊಸ್ಕೋಪಿ ಆಗಿ ಏನೋ ಸಣ್ಣ ಗಂಟು ತೆಗೆದಿದ್ದರು.

ಉತ್ತರ:

ಮೊದಲು ಒಂದು ಮಾತು. ಆ 1,180 ಡಾಲರನ್ನು ಇವತ್ತೇ ಕಟ್ಟಬೇಡಿ. ಹಾಗಂತ ಬಿಲ್ಲನ್ನು ಡ್ರಾಯರಿಗೆ ಹಾಕಿ ಮರೆಯಲೂ ಬೇಡಿ. ನೀವು ಬರೆದಿರುವ ಪ್ರಕಾರ ಇದು ಸರಿಹೋಗುವ ಬಿಲ್ಲು. ಆದರೆ ಎಲ್ಲಿ ಎಡವಿದ್ದಾರೆ ಅಂತ ಗೊತ್ತಿಲ್ಲದೆ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿದರೆ ಅವರು ಇನ್ಶೂರೆನ್ಸ್ ಕಡೆ ಕೈ ತೋರಿಸುತ್ತಾರೆ, ಇನ್ಶೂರೆನ್ಸಿನವರು ಆಸ್ಪತ್ರೆ ಕಡೆ ಕೈ ತೋರಿಸುತ್ತಾರೆ, ನಡುವೆ ನೀವು ಸುಸ್ತಾಗಿ ಕಾರ್ಡ್ ತೆಗೆದು ಕಟ್ಟಿಬಿಡುತ್ತೀರಿ. ನಾನು ರೇಡಿಯಾಲಜಿ ಕೋಡಿಂಗ್ ಮಾಡುತ್ತಾ 16 ವರ್ಷ ಆಯಿತು. ಮೊದಲ ಐದು ವರ್ಷ ಬೆಂಗಳೂರಿನಲ್ಲಿ ರಾತ್ರಿ ಪಾಳಿ, ಆಮೇಲೆ ಇಲ್ಲಿ. ಕೊಡಬೇಕಿಲ್ಲದ ದುಡ್ಡನ್ನು ಜನ ಹೀಗೆ ಸುಮ್ನೆ ಕಟ್ಟಿಬಿಡುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈ ಸ್ಕ್ಯಾನಿಗೆ (ಡಾಕ್ಟರುಗಳು ಸಿಟಿ ಕೊಲೊನೋಗ್ರಫಿ ಅನ್ನುತ್ತಾರೆ) ಮೂರು ಕೋಡ್, ಅಂದರೆ ಬಿಲ್ಲಿನಲ್ಲಿ ಹಾಕುವ ನಂಬರು, ಇವೆ. ಮೂರೂ 2010ರ ಜನವರಿಯಿಂದ ಬಳಕೆಯಲ್ಲಿವೆ. 74261 ಅಂದರೆ ರೋಗ ಪತ್ತೆಗೆ, ರಕ್ತನಾಳಕ್ಕೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಚುಚ್ಚುವ ಔಷಧ) ಕೊಡದೆ ಮಾಡಿದ್ದು. 74262 ಅಂದರೆ ರೋಗ ಪತ್ತೆಗೇ, ಕಾಂಟ್ರಾಸ್ಟ್ ಕೊಟ್ಟು ಮಾಡಿದ್ದು. 74263 ಅಂದರೆ ಸ್ಕ್ರೀನಿಂಗ್, ಯಾವ ತೊಂದರೆಯೂ ಇಲ್ಲದವರಿಗೆ ವಯಸ್ಸಿನ ಕಾರಣಕ್ಕೆ ಮುಂಜಾಗ್ರತೆಯಾಗಿ ಮಾಡಿದ್ದು. ಮೆಷಿನ್ ಅದೇ, ಟೇಬಲ್ ಅದೇ. ಹಿಂದಿನ ದಿನ ಕರುಳು ಖಾಲಿ ಮಾಡಿಸುವ ಔಷಧ, ಬೇರಿಯಂ ಕುಡಿಸುವುದು, ಹಿಂದಿನಿಂದ ಸಣ್ಣ ಟ್ಯೂಬ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರುಳು ಉಬ್ಬಿಸುವುದು, ಒಮ್ಮೆ ಅಂಗಾತ ಒಮ್ಮೆ ಬೋರಲು ಮಲಗಿಸಿ ಸ್ಕ್ಯಾನ್ ಎಳೆಯುವುದು, ಎಲ್ಲಾ ಒಂದೇ. ನಿಮ್ಮ ಯಜಮಾನರ ಪಕ್ಕದ ಸಾಲಿನಲ್ಲಿ ಕೂತಿದ್ದವರಿಗೆ 74261 ಆಗಿ ಇವರಿಗೆ 74263 ಆಗಿದ್ದರೆ, ಹೊರಗಿನಿಂದ ನೋಡಿದವರಿಗೆ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ: ಯಾಕೆ ಮಾಡಿಸಿದ್ದು ಎಂದು ಡಾಕ್ಟರು ಆರ್ಡರಿನಲ್ಲಿ ಬರೆದ ಆ ಒಂದು ಸಾಲಿನಲ್ಲಿ.

ಆ ಸಾಲಿಗೂ ಒಂದು ಕೋಡ್ ಇರುತ್ತದೆ, ಅದೇ ಐಸಿಡಿ-10. ಕರುಳಿನ ಕ್ಯಾನ್ಸರ್ ಸ್ಕ್ರೀನಿಂಗ್‌ಗೆ ಬಂದಿದ್ದಾರೆ ಅನ್ನುವುದಕ್ಕೆ ಝಡ್ 12.11. ಮಲಬದ್ಧತೆ ಅಂತ ಬರೆದರೆ ಕೆ 59.00. ನಿಮ್ಮ ಇಒಬಿಯಲ್ಲಿ, ಅಂದರೆ ಇನ್ಶೂರೆನ್ಸಿನವರು ಕಳಿಸುವ ಲೆಕ್ಕದ ಹಾಳೆಯಲ್ಲಿ, ಈ ಎರಡನೇ ಕೋಡ್ ಬಹಳ ಸಲ ಕಾಣಿಸುವುದೇ ಇಲ್ಲ. ಅದಕ್ಕೆ ಆಸ್ಪತ್ರೆಯಿಂದ ಐಟಮೈಸ್ಡ್ ಬಿಲ್ (ಒಂದೊಂದು ಬಾಬ್ತನ್ನೂ ಬಿಡಿಸಿ ಬರೆದದ್ದು) ಕೇಳಿ, ಅದರ ಜೊತೆಗೆ ಕ್ಲೇಮಿನಲ್ಲಿ ಮೊದಲನೇ ಡಯಾಗ್ನೋಸಿಸ್ ಕೋಡ್ ಯಾವುದು ಹೋಗಿದೆ ಅಂತ ನೇರವಾಗಿ ಕೇಳಿ. ಮೊದಲನೇದು ಅನ್ನುವ ಪದ ಬಿಡಬೇಡಿ. ಝಡ್ 12.11 ಮೂರನೇ ಜಾಗದಲ್ಲಿ ಕೂತಿದ್ದರೆ ಬಹಳಷ್ಟು ಇನ್ಶೂರೆನ್ಸ್ ಕಂಪ್ಯೂಟರ್‌ಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನಿಮ್ಮ ವಿಷಯದಲ್ಲಿ ಏನಾಗಿದೆ ಅಂತ ನಾನು ಊಹಿಸುತ್ತೇನೆ. ಚೆಕಪ್ ರೂಮಿನಲ್ಲಿ ಡಾಕ್ಟರು "ಹೊಟ್ಟೆ ಹೇಗಿದೆ, ಸಲೀಸಾಗಿ ಹೋಗುತ್ತಾ?" ಅಂತ ಕೇಳಿರುತ್ತಾರೆ. ಇವರು "ಒಮ್ಮೊಮ್ಮೆ ಕಟ್ಟುತ್ತೆ" ಅಂದಿರುತ್ತಾರೆ. ಆರ್ಡರ್ ಹಾಕುವ ಸ್ಕ್ರೀನಿನಲ್ಲಿ ಈ ಸ್ಕ್ಯಾನಿನ ಹೆಸರು ಒಂದರ ಕೆಳಗೊಂದು ಎರಡು ಮೂರು ಸಾಲು ಬರುತ್ತದೆ. ಸ್ಕ್ರೀನಿಂಗ್‌ನದ್ದನ್ನು ಒತ್ತುವ ಬದಲು ಮೇಲಿನದನ್ನು ಒತ್ತಿ, ಕಾರಣದ ಜಾಗದಲ್ಲಿ ಮಲಬದ್ಧತೆ ಅಂತ ಆರಿಸಿರುತ್ತಾರೆ. ಆಸ್ಪತ್ರೆಯ ಚಾರ್ಜ್ ಬಹಳ ಕಡೆ ಆ ಆರ್ಡರಿನಿಂದಲೇ ತಾನಾಗಿ ಇಳಿಯುತ್ತದೆ, ಅದನ್ನು ಮನುಷ್ಯರು ಕೂತು ಓದುವುದು ಕಡಿಮೆ. ರೇಡಿಯಾಲಜಿಸ್ಟರ ಕಡೆಯ ಕೋಡರ್ ಮಾತ್ರ ಪೂರ್ತಿ ರಿಪೋರ್ಟ್ ಓದಿ, ಅದರಲ್ಲಿ ಸ್ಕ್ರೀನಿಂಗ್ ಅಂತ ಇದ್ದದ್ದನ್ನು ನೋಡಿ 74263 ಹಾಕಿದ್ದಾರೆ. ಒಂದೇ ದಿನ, ಒಂದೇ ಸ್ಕ್ಯಾನು, ಎರಡು ಕೋಡು. ಇದು ಸಾಧ್ಯವೇ ಇಲ್ಲ, ಅಲ್ವಾ? ಒಬ್ಬ ಮನುಷ್ಯನಿಗೆ ಒಮ್ಮೆ ಮಾಡಿದ ಸ್ಕ್ಯಾನು ಓದಿದವರ ಲೆಕ್ಕದಲ್ಲಿ ಸ್ಕ್ರೀನಿಂಗ್, ತೆಗೆದವರ ಲೆಕ್ಕದಲ್ಲಿ ರೋಗ ಪತ್ತೆ ಆಗಲಾರದು. ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಇದೇ. ಫೋನಿನಲ್ಲಿ ಇದನ್ನೇ ಮೊದಲು ಹೇಳಿ.

(ಯಾಕೆ ಎರಡು ಬಿಲ್ ಅಂತ ಕೆಲವರು ಕೇಳುತ್ತಾರೆ. ಚಿತ್ರ ತೆಗೆಯುವ ಖರ್ಚು ಆಸ್ಪತ್ರೆಯದ್ದು, ಅದನ್ನು ಓದಿ ವರದಿ ಬರೆಯುವ ಕೆಲಸ ರೇಡಿಯಾಲಜಿಸ್ಟರದ್ದು. ಓದುವವರ ಬಿಲ್ಲಿನಲ್ಲಿ ಕೋಡಿನ ಪಕ್ಕ 26 ಅಂತ ಒಂದು ಮಾಡಿಫೈಯರ್, ಅಂದರೆ ಕೋಡಿಗೆ ಸೇರಿಸುವ ಸಣ್ಣ ಗುರುತು, ಇರುತ್ತದೆ. ಎರಡು ಬಿಲ್ ಬಂದದ್ದರಲ್ಲಿ ಮೋಸವಿಲ್ಲ. ಇನ್ನೊಂದು, ಚಿತ್ರವನ್ನು ಮೂರು ಆಯಾಮದಲ್ಲಿ ತೋರಿಸಿದ್ದಕ್ಕೆ ಅಂತ 76376 ಅಥವಾ 76377 ಬೇರೆಯಾಗಿ ಹಾಕಿದ್ದರೆ ಅದು ಮಾತ್ರ ತಪ್ಪು. ಅದು ಈ ಸ್ಕ್ಯಾನಿನ ಕೋಡಿನೊಳಗೇ ಸೇರಿದೆ.)

ಈಗ ನಿಮ್ಮ ಹಕ್ಕು ಏನು ಅನ್ನುವುದು. ಯಾವ ಮುಂಜಾಗ್ರತೆ ಪರೀಕ್ಷೆ ಯಾರಿಗೆ ಬೇಕು ಅಂತ ಹೇಳುವ ತಜ್ಞರ ಸಮಿತಿ, ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, 2021ರ ಮೇ ತಿಂಗಳಲ್ಲಿ ಕರುಳಿನ ಕ್ಯಾನ್ಸರ್ ತಪಾಸಣೆ ಶುರುಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಅವರು ಒಪ್ಪಿದ ವಿಧಾನಗಳ ಪಟ್ಟಿಯಲ್ಲಿ 5 ವರ್ಷಕ್ಕೊಮ್ಮೆ ಮಾಡಿಸುವ ಈ ಸಿಟಿ ಸ್ಕ್ಯಾನೂ ಇದೆ. 45ರಿಂದ 75 ವರ್ಷದವರಿಗೆ ಇದು ಎ ಅಥವಾ ಬಿ ದರ್ಜೆಯ ಶಿಫಾರಸು. ಆ ದರ್ಜೆ ಸಿಕ್ಕ ಪರೀಕ್ಷೆಗೆ, ಒಬಾಮಾ ಕಾಲದ ಆರೋಗ್ಯ ಕಾನೂನಿನ ಪ್ರಕಾರ, ಇನ್‌-ನೆಟ್‌ವರ್ಕ್‌ನಲ್ಲಿ (ಇನ್ಶೂರೆನ್ಸಿನ ಜೊತೆ ಒಪ್ಪಂದ ಇರುವ ಕಡೆ) ಮಾಡಿಸಿದರೆ ಡಿಡಕ್ಟಿಬಲ್, ಕೋಪೇ (ಪ್ರತಿ ಸಲ ನಾವು ಕೊಡುವ ಪಾಲು) ಯಾವುದೂ ಹಾಕುವಂತಿಲ್ಲ. ಕಂಪನಿ ತಾನೇ ದುಡ್ಡು ಹಾಕಿ ನಡೆಸುವ ಪ್ಲಾನಿಗೂ ಇದು ಅನ್ವಯ. ಹೆಚ್ಚಿನ ಡಿಡಕ್ಟಿಬಲ್ ಇರುವ, ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ದುಡ್ಡು ಕೂಡಿಡುವ ಖಾತೆ) ಜೊತೆಗಿನ ಪ್ಲಾನಿಗೂ ಅನ್ವಯ. ಆ ಕಾನೂನಿಗಿಂತ ಮುಂಚಿನಿಂದ ಇರುವ ಗ್ರ್ಯಾಂಡ್‌ಫಾದರ್ಡ್ ಪ್ಲಾನ್‌ಗಳು, ಅಲ್ಪಾವಧಿ ಪ್ಲಾನ್‌ಗಳು ಇಂಥವು ಇದರ ಹೊರಗೆ. ಈ ಕಾನೂನೇ ಬಿದ್ದುಹೋಗುತ್ತೇನೋ ಅಂತ ಕೆಲವು ವರ್ಷ ಕೋರ್ಟಿನಲ್ಲಿ ಜಗ್ಗಾಟ ನಡೆದಿತ್ತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಟಾಸ್ಕ್ ಫೋರ್ಸಿನ ವ್ಯವಸ್ಥೆಯನ್ನು ಎತ್ತಿಹಿಡಿಯಿತು.

ಹಾಗಾದರೆ ನೇರವಾಗಿ ಕೋಡ್ ಬದಲಾಯಿಸಿ ಅಂತ ಆಸ್ಪತ್ರೆಗೆ ಹೇಳಿದರೆ ಆಗಲ್ವಾ? ಆಗಲ್ಲ. ಇಲ್ಲೇ ಬಹಳ ಜನ ಎಡವುವುದು. ಕೋಡರ್ ಕೈಯಲ್ಲಿ ಇರುವುದು ಕಾಗದ ಮಾತ್ರ. ಕಾಗದದಲ್ಲಿ ಇಲ್ಲದ್ದನ್ನು ಹಾಕಿದರೆ ಅದು ಸುಳ್ಳು ಕ್ಲೇಮ್, ಕೆಲಸಕ್ಕೇ ಕುತ್ತು. "ಇನ್ಶೂರೆನ್ಸ್ ಕೊಡಲಿ ಅಂತ ಕೋಡ್ ಬದಲಾಯಿಸಿ" ಅಂದರೆ ಫೋನಿನ ಆಚೆ ಇರುವವರು ಅಲ್ಲಿಗೇ ಬಾಗಿಲು ಮುಚ್ಚುತ್ತಾರೆ, ಮುಚ್ಚಬೇಕಾದ್ದೇ. ನೀವು ಕೇಳಬೇಕಾದ್ದು ಬೇರೆ: "ಆರ್ಡರಿನಲ್ಲಿ ಕಾರಣ ತಪ್ಪಾಗಿ ದಾಖಲಾಗಿದೆ, ನಮ್ಮ ಡಾಕ್ಟರು ತಿದ್ದುಪಡಿ ಕಳಿಸುತ್ತಾರೆ, ಅದು ಬಂದ ಮೇಲೆ ಕೋಡಿಂಗ್ ರಿವ್ಯೂ ಮಾಡಿ ಕರೆಕ್ಟೆಡ್ ಕ್ಲೇಮ್ ಕಳಿಸಿ." ಅದಕ್ಕೆ ಮೊದಲು ಫೋನ್ ಹೋಗಬೇಕಾದ್ದು ಆಸ್ಪತ್ರೆಗಲ್ಲ, ಚೆಕಪ್ ಮಾಡಿದ ಡಾಕ್ಟರ ಆಫೀಸಿಗೆ.

ಅದಕ್ಕೂ ಮೊದಲು ಪೇಷಂಟ್ ಪೋರ್ಟಲ್‌ಗೆ ಹೋಗಿ ಆ ದಿನದ ಚೆಕಪ್ ನೋಟ್ ಓದಿ. ಅದರಲ್ಲಿ "ವಯಸ್ಸು 47, ಕರುಳಿನ ಕ್ಯಾನ್ಸರ್ ಸ್ಕ್ರೀನಿಂಗ್ ಆಗಬೇಕಿದೆ, ಕೊಲೊನೊಸ್ಕೋಪಿ ಬೇಡ ಎಂದಿದ್ದಾರೆ, ಸಿಟಿ ಕೊಲೊನೋಗ್ರಫಿ ಹೇಳಿದ್ದೇನೆ" ಅನ್ನುವ ಅರ್ಥದ ಒಂದೇ ಒಂದು ಸಾಲಿದ್ದರೂ ನಿಮ್ಮ ಕೆಲಸ ಮುಕ್ಕಾಲು ಮುಗಿದ ಹಾಗೆ. ಮಲಬದ್ಧತೆ ಬೇರೆ ಸಾಲಿನಲ್ಲಿ ಬೇರೆ ವಿಷಯವಾಗಿ ಇದ್ದರೆ ಅಡ್ಡಿಯಿಲ್ಲ. ಸ್ಕ್ರೀನಿಂಗ್‌ಗೆ ಹೋದವರಿಗೆ ಬೇರೆ ತಾಪತ್ರಯ ಇರಬಾರದು ಅಂತೇನೂ ಇಲ್ಲ, ಸ್ಕ್ಯಾನ್ ಬರೆದದ್ದು ಆ ತಾಪತ್ರಯದ ಕಾರಣಕ್ಕಾ ಅಲ್ಲವಾ ಅನ್ನುವುದು ಮುಖ್ಯ. ಡಾಕ್ಟರು ಆ ನೋಟನ್ನು ಆಧಾರವಾಗಿಟ್ಟು ಆರ್ಡರಿಗೆ ಅಡೆಂಡಮ್ (ತಿದ್ದುಪಡಿ ಟಿಪ್ಪಣಿ) ಬರೆದು ಆಸ್ಪತ್ರೆಗೆ ಕಳಿಸಬಹುದು.

ಆದರೆ ನೋಟ್ ಓದಿದಾಗ ಅದರಲ್ಲಿ ಬೇರೆಯೇ ಕಥೆ ಇದ್ದರೆ? ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಬೆಂಗಳೂರಿನಲ್ಲಿ ಸೇರಿ ಇನ್ನೂ ಎಂಟು ತಿಂಗಳಾಗಿರಲಿಲ್ಲ. ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ ಒಂದು ಚಾರ್ಟ್ ಬಂತು. ಮೇಲೆ ಸ್ಕ್ರೀನಿಂಗ್ ಅಂತ ದೊಡ್ಡದಾಗಿ ಇತ್ತು. ಅದರ ಮುಂದೆ, ಅದೇ ಸಾಲಿನಲ್ಲಿ, ಒಂದು ಕಾಮಾ ಆದ ಮೇಲೆ, ಮೂರು ವಾರದಿಂದ ಮಲದಲ್ಲಿ ಕೆಂಪು ರಕ್ತ ಎಂದಿತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎರಡೂ. ದಿನದ ಲೆಕ್ಕ ಮುಗಿಸುವ ಅವಸರದಲ್ಲಿ ನಾನು ಕಾಮಾ ದಾಟಲಿಲ್ಲ, 74263 ಹಾಕಿ ಮುಂದಕ್ಕೆ ಹೋದೆ. ಆಡಿಟ್ ಮಾಡುವ ಮೇಡಂ ಮಾರನೇ ದಿನ ಕರೆದು ಆ ಸಾಲಿನ ಮೇಲೆ ಬೆರಳಿಟ್ಟು, "ರಕ್ತ ಅಂತ ಇದ್ದ ಮೇಲೆ ಸ್ಕ್ರೀನಿಂಗ್ ಎಲ್ಲಿಂದ ಬಂತು?" ಅಂದರು. ನಿಯಮ ಸ್ಪಷ್ಟವಾಗಿದೆ: ಒಂದು ಲಕ್ಷಣ ಇದೆ, ಅದು ಯಾಕೆ ಅಂತ ತಿಳಿಯೋಕೆ ಪರೀಕ್ಷೆ ಮಾಡಿದರೆ ಅದು ರೋಗ ಪತ್ತೆ, ಸ್ಕ್ರೀನಿಂಗ್ ಅಲ್ಲ. ಇವತ್ತಿಗೂ ನಾನು ಪ್ರತಿ ಆರ್ಡರನ್ನೂ ಕಾಮಾ ಆದ ಮೇಲೆ ಇನ್ನೊಮ್ಮೆ ಓದುತ್ತೇನೆ.

ಅದಕ್ಕೆ ಹೇಳುತ್ತಿದ್ದೇನೆ, ನೋಟಿನಲ್ಲಿ ರಕ್ತ, ಕಬ್ಬಿಣಾಂಶದ ಕೊರತೆ, ಕಾರಣವಿಲ್ಲದೆ ತೂಕ ಇಳಿದದ್ದು ಇಂಥದ್ದೇನಾದರೂ ಇದ್ದು ಸ್ಕ್ಯಾನ್ ಬರೆದದ್ದು ಅದಕ್ಕೇ ಆಗಿದ್ದರೆ, 74261 ಸರಿಯಾದ ಕೋಡು. ಆಗ ಬಿಲ್ ಬದಲಾಗುವುದಿಲ್ಲ, ಕಂತಿನಲ್ಲಿ ಕಟ್ಟುವುದನ್ನೋ ಆಸ್ಪತ್ರೆಯ ರಿಯಾಯಿತಿಯನ್ನೋ ಕೇಳಬೇಕು. ಇದನ್ನು ಓದಿ ಯಾರಾದರೂ "ಹಾಗಾದರೆ ಡಾಕ್ಟರ ಹತ್ತಿರ ರಕ್ತದ ವಿಷಯ ಎತ್ತುವುದೇ ಬೇಡ, ಉಚಿತ ಆಗಲಿ" ಅಂದುಕೊಂಡರೆ ದಯವಿಟ್ಟು ಹಾಗೆ ಮಾಡಬೇಡಿ. ರಕ್ತ ಹೋಗುವವರಿಗೆ ಸಾಮಾನ್ಯವಾಗಿ ಮಾಡಬೇಕಾದ್ದು ನೇರ ಕೊಲೊನೊಸ್ಕೋಪಿ. ಮುಚ್ಚಿಟ್ಟರೆ ಉಳಿಯುವುದು ಡಾಲರು, ಹೋಗುವುದು ಕಾಲ. ಕರುಳಿನ ಕ್ಯಾನ್ಸರಿನಲ್ಲಿ ಕಾಲಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಸರಿ, ನಿಮ್ಮ ನೋಟ್ ನೆಟ್ಟಗಿದೆ ಅಂತಿಟ್ಟುಕೊಳ್ಳೋಣ. ಡಾಕ್ಟರ ಅಡೆಂಡಮ್ ಹೋದ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಅಕೌಂಟನ್ನು ಹೋಲ್ಡ್‌ನಲ್ಲಿ ಇಡಲು ಹೇಳಿ, ಕಲೆಕ್ಷನ್‌ಗೆ ಕಳಿಸಬೇಡಿ ಅಂತ ಬರೆದು ಕೊಡಿ. ಮಾತಾಡಿದವರ ಹೆಸರು, ದಿನ, ಅವರು ಕೊಡುವ ರೆಫರೆನ್ಸ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕರೆಕ್ಟೆಡ್ ಕ್ಲೇಮ್ ಹೋಗಿ ಹೊಸ ಇಒಬಿ ಬರುವುದಕ್ಕೆ ತಿಂಗಳು, ಒಂದೂವರೆ ತಿಂಗಳು ಹಿಡಿಯಬಹುದು. ಇದರ ಜೊತೆಜೊತೆಗೇ ಇನ್ಶೂರೆನ್ಸಿಗೆ ಅಪೀಲಿನ ಗಡುವು ಓಡುತ್ತಿರುತ್ತದೆ ಅನ್ನುವುದು ನೆನಪಿರಲಿ. ಪೇಮೆಂಟ್ ಇಲ್ಲ ಎಂದ ನೋಟಿಸು ಕೈಸೇರಿದ ದಿನದಿಂದ 180 ದಿನ. ಆಸ್ಪತ್ರೆಯವರು ತಿದ್ದುತ್ತೇವೆ ತಿದ್ದುತ್ತೇವೆ ಅಂತ ಎಳೆದರೆ ನೀವು ಕಾಯದೆ ಅಪೀಲ್ ಹಾಕಿಬಿಡಿ. ಅದರಲ್ಲಿ ಎರಡೇ ಕಾಗದ ಸಾಕು: ಚೆಕಪ್ ನೋಟ್, ಮತ್ತು 74263 ಅಂತ ಪಾಸಾದ ರೇಡಿಯಾಲಜಿಸ್ಟರ ಇಒಬಿ. ಅಪೀಲೂ ತಿರಸ್ಕಾರ ಆದರೆ ಹೊರಗಿನವರಿಂದ ಪರಿಶೀಲನೆ ಕೇಳಲು ಅಲ್ಲಿಂದ 4 ತಿಂಗಳು ಇರುತ್ತದೆ. ಪ್ರಯರ್ ಆಥರೈಸೇಷನ್ (ಇನ್ಶೂರೆನ್ಸಿನ ಮುಂಗಡ ಒಪ್ಪಿಗೆ) ಯಾವ ಕೋಡಿಗೆ ತೆಗೆದಿದ್ದರು ಅಂತಲೂ ಒಮ್ಮೆ ಕೇಳಿ. 74261ಕ್ಕೆ ತೆಗೆದಿದ್ದರೆ ಕೋಡ್ ತಿದ್ದಿದ ಮೇಲೆ ಅದೇ ಇನ್ನೊಂದು ತಕರಾರಾಗಿ ಎದ್ದು ಕೂರುತ್ತದೆ, ಅದನ್ನೂ ಅವರೇ ಸರಿಮಾಡಿಸಬೇಕು.

ಈ ಕೋಡ್ ತಪ್ಪು ಇಷ್ಟು ಜಾಸ್ತಿ ಯಾಕೆ ಆಗುತ್ತದೆ ಅಂದರೆ, ಅದಕ್ಕೊಂದು ಹಿನ್ನೆಲೆ ಇದೆ. 2008ರಲ್ಲಿ 2,500ಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ ಇದ್ದವರಲ್ಲಿ ಶೇ. 90 ಜನರನ್ನು ಈ ಸ್ಕ್ಯಾನ್ ಹಿಡಿಯಿತು. ಆದರೂ 2009ರ ಮೇ ತಿಂಗಳಲ್ಲಿ ಮೆಡಿಕೇರ್ ಇದನ್ನು ಸ್ಕ್ರೀನಿಂಗ್‌ಗೆ ಕೊಡುವುದಿಲ್ಲ ಎಂದಿತು. ಮುಂದಿನ ಫೆಬ್ರುವರಿಯಲ್ಲಿ ಅಧ್ಯಕ್ಷ ಒಬಾಮಾ ತಮ್ಮ ಚೆಕಪ್‌ನಲ್ಲಿ ಮಾಡಿಸಿಕೊಂಡದ್ದು ಇದೇ ಸ್ಕ್ಯಾನು. ಅಲ್ಲಿಂದ 2024ರ ಕೊನೆವರೆಗೂ ಮೆಡಿಕೇರ್ ನಿಲುವು ಬದಲಾಗಲಿಲ್ಲ. ಹದಿನೈದು ವರ್ಷ 74263 ಅಂದರೆ ದುಡ್ಡು ಬರದ ಕೋಡು ಅಂತಲೇ ಬಹಳ ಆಫೀಸುಗಳಲ್ಲಿ ಕೈ ಪಳಗಿಹೋಗಿದೆ. ರೋಗ ಪತ್ತೆಯ ಆರ್ಡರ್ ಒತ್ತುವುದು ಅಭ್ಯಾಸವಾಗಿಬಿಟ್ಟಿದೆ. ಪ್ರೈವೇಟ್ ಇನ್ಶೂರೆನ್ಸ್ ಇರುವ ನಿಮ್ಮಂಥವರು ಆ ಹಳೇ ಅಭ್ಯಾಸದ ಹೊಡೆತ ತಿನ್ನುತ್ತಿದ್ದೀರಿ.

ಈಗ ಪಾಲಿಪ್ ವಿಷಯ. ಪಾಲಿಪ್ ಸಿಕ್ಕಿತು ಅಂದ ಮಾತ್ರಕ್ಕೆ ಸ್ಕ್ರೀನಿಂಗ್ ಹೋಗಿ ರೋಗ ಪತ್ತೆ ಆಗಿಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡಿ. ಸ್ಕ್ರೀನಿಂಗ್‌ಗೆ ಬಂದವರಲ್ಲಿ ಏನಾದರೂ ಸಿಕ್ಕರೆ ಸ್ಕ್ರೀನಿಂಗ್ ಕೋಡ್ ಮೊದಲ ಜಾಗದಲ್ಲೇ ಉಳಿಯುತ್ತದೆ, ಸಿಕ್ಕದ್ದು ಅದರ ಹಿಂದೆ ಬರುತ್ತದೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದನ್ನು ಸಾಮಾನ್ಯವಾಗಿ ರಿಪೋರ್ಟಿನಲ್ಲಿ ಹೇಳುವುದೇ ಇಲ್ಲ. 6ರಿಂದ 9 ಮಿಲಿಮೀಟರಿನ ಒಂದೆರಡು ಇದ್ದರೆ ಅದನ್ನು ಸಿ2 ಅನ್ನುತ್ತಾರೆ. 10 ಅಥವಾ ಹೆಚ್ಚಿದ್ದರೆ ಸಿ3. ನಿಮ್ಮ ಯಜಮಾನರದ್ದು 7, ಒಂದೇ ಒಂದು. ಸಿ2ಗೆ ಮೂರು ವರ್ಷ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡುವ ದಾರಿಯೂ ಇದೆ, ಕೊಲೊನೊಸ್ಕೋಪಿ ಮಾಡಿ ತೆಗೆದೇಬಿಡುವ ದಾರಿಯೂ ಇದೆ. ಇವರಿಗೆ ಯಾವುದು ಸರಿ ಅನ್ನುವುದು ಡಾಕ್ಟರ ಮಾತು, ನನ್ನದಲ್ಲ.

ಕೊಲೊನೊಸ್ಕೋಪಿ ಅಂತ ಆದರೆ ದುಡ್ಡಿನ ವಿಷಯದಲ್ಲಿ ನಿಮಗೆ ಒಳ್ಳೇ ಸುದ್ದಿ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳು ಒಂದು ಸ್ಪಷ್ಟನೆ ಹೊರಡಿಸಿದವು. ಮಲ ಪರೀಕ್ಷೆಯಲ್ಲೋ, ಸಿಟಿ ಕೊಲೊನೋಗ್ರಫಿಯಂಥ ತಪಾಸಣೆಯಲ್ಲೋ ಏನಾದರೂ ಕಂಡರೆ, ಆಮೇಲೆ ಮಾಡುವ ಕೊಲೊನೊಸ್ಕೋಪಿಯೂ ಆ ಸ್ಕ್ರೀನಿಂಗಿನ ಮುಂದುವರಿಕೆಯೇ, ಅದಕ್ಕೂ ಪ್ರೈವೇಟ್ ಪ್ಲಾನುಗಳು ಡಿಡಕ್ಟಿಬಲ್ ಹಾಕುವಂತಿಲ್ಲ. 2022ರ ಮೇ 31 ಅಥವಾ ಆಮೇಲೆ ಶುರುವಾಗುವ ಪ್ಲಾನ್ ವರ್ಷಗಳಿಂದ ಇದು ಜಾರಿಯಲ್ಲಿದೆ. ಸ್ಕ್ರೀನಿಂಗ್ ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ತೆಗೆಯುವುದು ಅದರ ಭಾಗವೇ ಅಂತ 2013ರಲ್ಲೇ ಹೇಳಿದ್ದರು. ಅನಸ್ತೇಷಿಯಾ, ತೆಗೆದ ತುಂಡನ್ನು ಲ್ಯಾಬಿನಲ್ಲಿ ನೋಡುವುದು, ಅವೂ ಸೇರಿವೆ. ಇವೆಲ್ಲ ಬೇರೆಬೇರೆ ಬಿಲ್ಲಾಗಿ ಬರುತ್ತವೆ, ನಾಲ್ಕು ಕಡೆಯಿಂದ. ಒಂದೊಂದನ್ನೂ ನೋಡಿ.

ಆದರೆ ಸೂಕ್ಷ್ಮ ಇರುವುದು ಇಲ್ಲಿ. ಕೊಲೊನೊಸ್ಕೋಪಿ ಉಚಿತ ಆಗುವುದು ಮೊದಲ ಸ್ಕ್ಯಾನು ಸ್ಕ್ರೀನಿಂಗ್ ಆಗಿದ್ದರೆ. ಆಸ್ಪತ್ರೆಯ ಕ್ಲೇಮು 74261 ಮತ್ತು ಮಲಬದ್ಧತೆ ಅಂತಲೇ ಇನ್ಶೂರೆನ್ಸಿನ ದಾಖಲೆಯಲ್ಲಿ ಉಳಿದುಬಿಟ್ಟರೆ, ಮುಂದಿನ ಕೊಲೊನೊಸ್ಕೋಪಿಯನ್ನೂ ಅವರು ರೋಗ ಪತ್ತೆಯ ಮುಂದುವರಿಕೆ ಅಂತಲೇ ಓದುತ್ತಾರೆ. ಅಂದರೆ ಇವತ್ತು 1,180 ಹೋಗಲಿ ಬಿಡು ಅಂತ ಕಟ್ಟಿದರೆ ಅದರ ಹಿಂದೆ ಅದಕ್ಕಿಂತ ದೊಡ್ಡ ಬಿಲ್ಲು ನಿಂತಿದೆ. ಹಾಗಾಗಿ ಮೊದಲ ತಪ್ಪನ್ನು ತಿದ್ದಿಸುವ ಕೆಲಸ ಈ ವಾರವೇ ಶುರುಮಾಡಿ. ಬಿಲ್ ಸರಿಯಾಗುವವರೆಗೂ ಕೊಲೊನೊಸ್ಕೋಪಿ ಮುಂದೂಡಿ ಅಂತ ಹೇಳುತ್ತಿಲ್ಲ, ಡಾಕ್ಟರು ಕೊಟ್ಟ ದಿನಕ್ಕೇ ಹೋಗಿ. ಎರಡೂ ಜೊತೆಗೆ ನಡೆಯಲಿ. ಕೊಲೊನೊಸ್ಕೋಪಿ ಮಾಡುವ ಡಾಕ್ಟರ ಆಫೀಸಿಗೆ ಮುಂಚೆಯೇ ಹೇಳಿ, ಆರ್ಡರಿನಲ್ಲಿ ಸ್ಕ್ರೀನಿಂಗ್ ಸಿಟಿ ಕೊಲೊನೋಗ್ರಫಿಯಲ್ಲಿ ಪಾಲಿಪ್ ಕಂಡದ್ದಕ್ಕೆ ಮುಂದಿನ ತಪಾಸಣೆ ಅಂತ ಬಿಡಿಸಿ ಬರೆಯಲಿ, ಕ್ಲೇಮಿನಲ್ಲಿ ಮಾಡಿಫೈಯರ್ 33 ಹಾಕಲಿ. ಈ 33 ಅಂದರೆ ಇದು ಪ್ರಿವೆಂಟಿವ್ ಸೇವೆ ಅಂತ ಪ್ರೈವೇಟ್ ಇನ್ಶೂರೆನ್ಸಿಗೆ ತಿಳಿಸುವ ಗುರುತು.

ರಿಪೋರ್ಟಿನಲ್ಲಿ ಕರುಳು ಬಿಟ್ಟು ಬೇರೆ ಏನಾದರೂ ಬರೆದಿದ್ದಾರಾ ನೋಡಿ. ಸಿಟಿ ಅಂದ ಮೇಲೆ ಕಿಡ್ನಿ, ಲಿವರ್, ಶ್ವಾಸಕೋಶದ ಕೆಳತುದಿ ಎಲ್ಲ ಕಾಣುತ್ತವೆ. ಅವಕ್ಕೆ ಇ1ರಿಂದ ಇ4ವರೆಗೆ ಗುರುತು ಹಾಕುತ್ತಾರೆ. ಇ3, ಇ4 ಅಂತಿದ್ದು ಡಾಕ್ಟರು ಕಿಡ್ನಿಗೆ ಅಲ್ಟ್ರಾಸೌಂಡ್ ಬರೆದರೆ ಅದು ಮಾಮೂಲಿ ಪರೀಕ್ಷೆ, ಡಿಡಕ್ಟಿಬಲ್ ಅದಕ್ಕೆ ಬೀಳುತ್ತದೆ. ಅದರ ಮೇಲೆ ಜಗಳ ಆಡಿ ಉಪಯೋಗವಿಲ್ಲ.

ಇನ್ನು ನಿಮ್ಮ ಮಾವನವರು. ಅವರ ಲೆಕ್ಕ ಬೇರೆ, ನಿಮ್ಮ ಯಜಮಾನರ ನಿಯಮ ಅಲ್ಲಿಗೆ ನಡೆಯಲ್ಲ. 2025ರ ಜನವರಿ 1ರಿಂದ ಮೆಡಿಕೇರ್ ಈ ಸ್ಕ್ಯಾನನ್ನು ಸ್ಕ್ರೀನಿಂಗ್ ಆಗಿ ಕೊಡುತ್ತಿದೆ, ಅದೇ ದಿನ ಹಳೇ ಬೇರಿಯಂ ಎನಿಮಾ ಪರೀಕ್ಷೆಯನ್ನು ಪಟ್ಟಿಯಿಂದ ಕೈಬಿಟ್ಟರು. 74263, ಝಡ್ 12.11, ಡಿಡಕ್ಟಿಬಲ್ ಇಲ್ಲ, ಶೇ. 20ರ ಪಾಲೂ ಇಲ್ಲ. ಆದರೆ ತಿಂಗಳು ಎಣಿಸುತ್ತಾರೆ. ಹಿಂದಿನ ಇದೇ ಸ್ಕ್ಯಾನ್ ಆದ ತಿಂಗಳ ನಂತರ 59 ತಿಂಗಳು ಪೂರ್ತಿ ಕಳೆದಿರಬೇಕು, ಅಥವಾ ಹಿಂದಿನ ಸ್ಕ್ರೀನಿಂಗ್ ಕೊಲೊನೊಸ್ಕೋಪಿ ಆದ ತಿಂಗಳ ನಂತರ 47. ಉದಾಹರಣೆಗೆ ಕೊಲೊನೊಸ್ಕೋಪಿ 2022ರ ಮಾರ್ಚ್‌ನಲ್ಲಿ ಆಗಿದ್ದರೆ ಏಪ್ರಿಲ್‌ನಿಂದ ಎಣಿಸಬೇಕು, 47 ತಿಂಗಳು 2026ರ ಫೆಬ್ರುವರಿಗೆ ಮುಗಿಯುತ್ತದೆ, ಮಾರ್ಚ್ 1ರಿಂದ ಮಾಡಿಸಬಹುದು. ಫೆಬ್ರುವರಿ 27ಕ್ಕೆ ಮಾಡಿಸಿದರೆ ಪೂರ್ತಿ ಬಿಲ್ ಮನೆಗೆ. ಎರಡು ದಿನದ ಅವಸರಕ್ಕೆ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಮಲ ಪರೀಕ್ಷೆಯಲ್ಲೋ ರಕ್ತ ಪರೀಕ್ಷೆಯಲ್ಲೋ ಪಾಸಿಟಿವ್ ಬಂದು ಆಮೇಲೆ ಕೊಲೊನೊಸ್ಕೋಪಿ ಮಾಡಿದರೆ ಮೆಡಿಕೇರ್ ಅದನ್ನೂ ಸ್ಕ್ರೀನಿಂಗ್ ಅಂತಲೇ ಒಪ್ಪುತ್ತದೆ, ಅದಕ್ಕೆ ಕೆಎಕ್ಸ್ ಅನ್ನುವ ಮಾಡಿಫೈಯರ್ ಇದೆ. ಆ ನಿಯಮದಲ್ಲಿ ಹೆಸರಿರುವುದು ಆ ಎರಡು ಬಗೆಯ ಪರೀಕ್ಷೆಗೆ, ಸಿಟಿ ಸ್ಕ್ಯಾನಿಗಲ್ಲ. ಹಾಗಾಗಿ ಮಾವನವರ ಸ್ಕ್ಯಾನಿನಲ್ಲಿ ಪಾಲಿಪ್ ಕಂಡರೆ ಮುಂದಿನ ಕೊಲೊನೊಸ್ಕೋಪಿಗೆ ಅವರ ಪಾಲು ಬೀಳುವ ಸಾಧ್ಯತೆಯೇ ಜಾಸ್ತಿ. ನೇರವಾಗಿ ಸ್ಕ್ರೀನಿಂಗ್ ಕೊಲೊನೊಸ್ಕೋಪಿಗೇ ಹೋಗಿ ಅಲ್ಲಿ ಪಾಲಿಪ್ ತೆಗೆದರೆ 2026ರ ಕೊನೆವರೆಗೆ ಶೇ. 15 ಪಾಲು, 2027ರಿಂದ 2029ರವರೆಗೆ ಶೇ. 10, 2030ರಿಂದ ಏನೂ ಇಲ್ಲ. ಏನೂ ಸಿಗದಿದ್ದರೆ ಈಗಲೂ ಸೊನ್ನೆ. ಅವರ ಹೃದಯಕ್ಕೋ ಬೇರೆ ಕಾರಣಕ್ಕೋ ಅನಸ್ತೇಷಿಯಾ ಬೇಡ ಎಂದಿದ್ದರೆ, ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಲು ಆಗದಿದ್ದರೆ, ಸ್ಕ್ಯಾನ್ ಒಳ್ಳೇ ದಾರಿ. ಅಂಥ ಅಡ್ಡಿ ಏನೂ ಇಲ್ಲದಿದ್ದರೆ ನಮ್ಮ ಅಪ್ಪನಿಗಾದರೆ ನಾನು ಕೊಲೊನೊಸ್ಕೋಪಿಯನ್ನೇ ಮಾಡಿಸುತ್ತಿದ್ದೆ.

ಅದರಲ್ಲೂ ಮೈಸೂರಿನಲ್ಲಿ ಗಂಟು ತೆಗೆದಿದ್ದರು ಅಂದಿರಲ್ಲ, ಅದನ್ನು ಹಗುರವಾಗಿ ಬಿಡಬೇಡಿ. ಆ ಗಂಟಿನ ಬಯಾಪ್ಸಿ ರಿಪೋರ್ಟು ಊರಿನ ಮನೆಯ ಬೀರುವಿನಲ್ಲಿ ಇನ್ನೂ ಇರಬಹುದು, ಯಾರಿಗಾದರೂ ಹೇಳಿ ಹುಡುಕಿಸಿ ಫೋಟೋ ತರಿಸಿಕೊಳ್ಳಿ. ಅದರಲ್ಲಿ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯ ಗಂಟು) ಅನ್ನುವ ಪದ ಇದ್ದರೆ ಮೆಡಿಕೇರ್ ಲೆಕ್ಕದಲ್ಲಿ ಅವರು ಹೈ ರಿಸ್ಕ್. ಆಗ ಸ್ಕ್ರೀನಿಂಗ್ ಕೊಲೊನೊಸ್ಕೋಪಿ 10 ವರ್ಷಕ್ಕೊಮ್ಮೆ ಅಲ್ಲ, 24 ತಿಂಗಳಿಗೊಮ್ಮೆ ಸಿಗುತ್ತದೆ. ಹಳೇ ಪಾಲಿಪ್ ಇತ್ತು ಅನ್ನುವುದಕ್ಕೆ ಈಗ ಅದರ ಬಗೆಗೆ ತಕ್ಕ ಹಾಗೆ ಬೇರೆಬೇರೆ ಕೋಡ್ ಇವೆ, ಅಡಿನೋಮಾಗೆ ಝಡ್ 86.0101. ಹೈಪರ್‌ಪ್ಲಾಸ್ಟಿಕ್ (ಸಾಮಾನ್ಯವಾಗಿ ಅಪಾಯವಿಲ್ಲದ ಬಗೆ) ಅಂತಿದ್ದರೆ ಹೈ ರಿಸ್ಕ್ ಆಗುವುದಿಲ್ಲ. ಒಂದು ಪದದ ಮೇಲೆ ಇಷ್ಟೆಲ್ಲ ನಿಂತಿದೆ. ಆ ಫೋಟೋವನ್ನು ಅವರ ಡಾಕ್ಟರ ಕೈಗೆ ಮುಂದಿನ ಅಪಾಯಿಂಟ್‌ಮೆಂಟಿನಲ್ಲೇ ಕೊಟ್ಟು, ಚಾರ್ಟಿಗೆ ಸೇರಿಸಿಕೊಂಡರಾ ಅಂತ ಪೋರ್ಟಲ್‌ನಲ್ಲಿ ನೋಡಿ, ಆಮೇಲೆ ದಿನ ಗೊತ್ತುಮಾಡಿ.